ಳ ಖಾನೆ

ಗದಗಿನ ಟಾಂಗಾಕೂಟದ ಹಿಂದಿನ ಓಣಿ,
ಅಪ್ಪನ ಛಾಪಖಾನೆ. ಒಂದು ಟ್ರೆಡಲ್ಲು, ಹದಿನಾರು ಕೇಸು,
ಗೋಡೆಯೂ ಸೀಮೆಎಣ್ಣೆ ನಾರುತ್ತಿತ್ತು.
ನೀಲಗಂಗತ್ತಿ ನಿಂತೇ ಮೊಳೆ ಜೋಡಿಸುವಳು:
ಎಡಗೈಯಲ್ಲಿ ಸ್ಟಿಕ್ಕು,
ಬಲಗೈ ನೋಡದೆಯೇ ಹೆಕ್ಕುವುದು,
ಜೋಳದೊಳಗಿನ ಹರಳು ಹೆಕ್ಕಿದ ಹಾಗೆ.

ಲಗ್ನದ ಸೀಜನ್ನಿಗೆ 'ಸೌ' ತೀರುತ್ತಿತ್ತು.
ಎಲೆಕ್ಷನ್ನಿಗೆ 'ರಿ': ನೀಡಿರಿ, ಆರಿಸಿರಿ, ಮರೆಯದಿರಿ.
ಕಾದಂಬರಿ ಬಂತೆಂದರೆ
ಮೊದಲು ಬರಿದಾಗುವುದು 'ಳ'.
ಅತ್ತಳು. ಸಹಿಸಿದಳು. ಒಲಿದಳು. ಬಾಗಿಲಿಗೆ ಒರಗಿದಳು.
"ಗಂಡಸು ಮುಂಬೈಗೆ ಹೋಗಿ ಬಂದ್ರೂ ಅವನ ಖಾನೆ ಅರ್ಧ ಉಳಿತೈತಿ,
ಹೆಣ್ಮಗಳು ಅಡಗಿಮನಿ ಹೊಚ್ಚಲ ದಾಟೂದ್ರಾಗ
ನನ್ನ 'ಳ' ಎಲ್ಲಾ ಖಾಲಿ, ನೋಡು."
ಆಗ ನನ್ನನ್ನು ಸೈಕಲ್ಲಿನ ಮೇಲೆ ಬೆಟಗೇರಿಗೆ ಅಟ್ಟುವರು,
ಹೊಂಬಾಳಿಯವರ ಪ್ರೆಸ್ಸಿನಿಂದ
ಒಂದು ಡಬ್ಬಿ 'ಳ' ಕಡ ತರಲಿಕ್ಕೆ.
ದಾರಿಯುದ್ದಕ್ಕೂ ಡಬ್ಬಿಯೊಳಗೆ ಖಣಖಣ,
ಇನ್ನೂ ಯಾರೂ ಆಗದ ಹೆಂಗಸರು.

ಆ ವರ್ಷ ಮಾಳಮಡ್ಡಿಯ ಮಾಸ್ತರರ ಕಾದಂಬರಿ,
ಇನ್ನೂರಾ ಹನ್ನೆರಡು ಪುಟ.
ಮೊದಲ ಫಾರ್ಮಿನಲ್ಲಿ ಚಂದ್ರಪ್ರಭಾ ದೇಸಾಯರ ಮಗಳು,
ಮೂರರಲ್ಲಿ ವಕೀಲರ ಹೆಂಡತಿ,
ಒಂಬತ್ತರಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಸೊಸೆ.
ನಡುವೆ ಒಬ್ಬ ಪಿಟೀಲಿನವನು ಬಂದು, ಕೆಮ್ಮಿ, ತೀರಿಹೋದ.
ಸೀಸದಲ್ಲಿ ಎಲ್ಲವೂ ತಿರುವುಮುರುವು;
ಬಲದಿಂದ ಎಡಕ್ಕೆ ಅವಳನ್ನು ಓದುತ್ತ ಅತ್ತಿ ಅಂದಳು:
"ಇಷ್ಟ ದೊಡ್ಡ ಪುಸ್ತಕದಾಗ
ಈಕಿ ಒಬ್ಬಾಕಿನ ಕುಂತು
ಒಂದು ಕಪ್ ಚಾ ಕುಡದಿಲ್ಲಲೇ."

ಅತ್ತಿಯನ್ನು ಬ್ಯಾಡಗಿಗೆ ಕೊಟ್ಟಿದ್ದರು.
ಹನ್ನೊಂದು ತಿಂಗಳಿಗೆ ಟ್ರಂಕು ಹಿಡಿದು ಬಂದಳು.
ಯಾಕೆಂಬುದಕ್ಕೆ ಅಪ್ಪನ ಹತ್ತಿರ ಒಂದು ಕತೆ,
ಅವ್ವನ ಹತ್ತಿರ ಒಂದು, ನೀರು ತುಂಬುವಲ್ಲಿ ನಾಲ್ಕು.
ಎಲ್ಲದರಲ್ಲೂ ಕಡೆಗೆ ಅವಳು ಅತ್ತಳು.
ಕರಿಬಸಪ್ಪ ಮಾವ ಮಾತ್ರ ತಿಂಗಳಿಗೊಮ್ಮೆ ಬರುತ್ತಿದ್ದ,
ಅರಿವೆಯಲ್ಲಿ ಸೇರು ಮೆಣಸಿನಕಾಯಿ ಕಟ್ಟಿಕೊಂಡು.
ಪ್ರೆಸ್ಸಿನ ಕಟ್ಟೆಯ ಮೇಲೆ ಇಬ್ಬರೂ ಕೂತು
ನಗುತ್ತಿದ್ದರು, ಯಾವುದಕ್ಕೋ.
ಐದರ ಬಸ್ಸಿಗೆ ಅವನು ಎದ್ದು ಹೋದರೆ
ಇವಳು ಸೀನುತ್ತ ಒಳಗೆ ಬಂದು
ಬಿಟ್ಟ ಸಾಲು ಮುಂದುವರಿಸುವಳು.
ಇದಕ್ಕೆ ಏನೆನ್ನಬೇಕೆಂದು
ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಕೊನೆಯ ಪುಟದ ಕೊನೆಯ ಸಾಲು ಮಾಸ್ತರರು ಬರೆದದ್ದು:
'ಚಂದ್ರಪ್ರಭಾ ಅವನಿಗಾಗಿ ಕಾದಳು.'
ಪ್ರೂಫಿನಲ್ಲಿ ಬಂದದ್ದು: 'ಚಂದ್ರಪ್ರಭಾ ಕಾದಳು.'
ಧಾರವಾಡದಿಂದ ಓಡೋಡಿ ಬಂದರು, ಕೊಡೆಸಮೇತ.
"ನೀಲಗಂಗವ್ವಾ, ಇಲ್ಲೊಂದು ಶಬ್ದ ಬಿಟ್ಟೈತಿ."
"ಮೊಳಿ ಸಾಲಲಿಲ್ರಿ ಮಾಸ್ತರ.
ಆದ್ರೂ ಹಿಂಗ ಛಲೋ ಐತಲ್ರಿ.
ಹೊಲಾ ಕಾದಾಳು, ಹಂಚು ಕಾದಂಗ ಕಾದಾಳು,
ಬರೇ ದಾರೀನ ಯಾಕ ಕಾಯಬೇಕು?
ನೀವು ಹೂಂ ಅಂದ್ರ ಇನ್ನೊಂದು 'ದಿ' ಹಾಕತೀನಿ.
ಕಾದಿದಳು."
ಬೆರಳೆರಡರ ನಡುವೆ ಆ 'ದಿ' ಹಿಡಿದೇ ನಿಂತಿದ್ದಳು,
ಮಸಿ ಮೆತ್ತಿದ್ದು, ಹಲ್ಲಿನಷ್ಟು ಸಣ್ಣದು.

ಮಾಸ್ತರರು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು.
"ನಮ್ಮ ಮನಿಯಾಕಿ ಓದತಾಳ್ರಿ ಇದನ್ನ," ಅಂದರು,
ಅಷ್ಟೇ.
'ಅವನಿಗಾಗಿ' ತಿರುಗಿ ಸೇರಿತು. ಐನೂರು ಪ್ರತಿ ಅಚ್ಚಾಯಿತು.

ಟ್ರೆಡಲ್ಲು ಗುಜರಿಗೆ ಹೋಗಿ ಬಹಳ ವರ್ಷಗಳಾದವು.
ಈಗ ನಾನೂ ಕತೆ ಬರೆಯುತ್ತೇನೆ,
ಒಬ್ಬಳನ್ನು ನಿಲ್ಲಿಸುವುದರೊಳಗೆ
ಬೆರಳು ತಾನಾಗಿ ಹಿಂದೆ ತಂದೆಯೊಬ್ಬನನ್ನು ಬರೆದಿರುತ್ತದೆ.
ಅಳಿಸುತ್ತೇನೆ. ಅಳಿಸಿದರೆ ಅವಳಿಗೆ ಮೈಯೇ ಇಲ್ಲ,
ಮೆಣಸಿನಕಾಯಿಯ ಘಾಟು ಹೋದರೆ
ಅತ್ತಿಯೂ ಇಲ್ಲದ ಹಾಗೆ.

ಮೊನ್ನೆ ಸಂಜೆ ಕೇಳಿಯೇಬಿಟ್ಟೆ,
ಅತ್ತಿ, ನೀ ಮಾವನ್ನ ಕಾದಿಯೇನು, ಮಾವನ ಕೂಡ ಕಾದಿದಿಯೇನು?
ಕಟ್ಟೆಯ ಮೇಲೆ ಕಪ್ಪು ಬಸಿ ಹಿಡಿದು ಕೂತಿದ್ದಳು.
ಸುರ್ರ್ ಎಂದು ಒಂದು ಗುಟುಕು ಎಳೆದು,
ನನ್ನತ್ತ ತಿರುಗದೆಯೇ ಹೇಳಿದಳು:
"ಚಾ ಕುಡಿಯಾಕತ್ತೇನಿ.
ಆಮ್ಯಾಲೆ ಬಾ."