ಜಾರಿದ ಹೊತ್ತು

ಸ್ಪ್ಲಿತ್‌ನ ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ
ಉಕ್ಕಿಗೆ ಉಕ್ಕು ಬೆಸೆದ ಯೆರ್ಕೊ
ಕಿಡಿಯನ್ನು ಬರಿಗಣ್ಣಲ್ಲಿ ನೋಡಿದ್ದು ಒಂದೇ ಸಲ.
ರಾತ್ರಿಯಿಡೀ ಕಣ್ಣಿಗೆ ಮರಳು ಹೊಯ್ದಂತೆ ಉರಿ,
ಆಲೂಗಡ್ಡೆ ಹೋಳು ಕಟ್ಟಿಕೊಂಡು ಮಲಗಿದ್ದ.

ಈಗ ಪಿಂಚಣಿ. ಹನ್ನೊಂದನೇ ಮಾಳಿಗೆಯ ಬಾಲ್ಕನಿ.
ಒಗೆದ ಬಟ್ಟೆಯ ತಂತಿ ಅತ್ತ ಸರಿಸಿ
ನಿಲ್ಲಿಸಿದ್ದಾನೆ ದುರ್ಬೀನು,
ಜಲಜನಕದ ಕೆಂಪೊಂದನ್ನೇ ಒಳಬಿಡುವ ಗಾಜು ಅದಕ್ಕೆ.
ಅದಕ್ಕಾಗಿ ಮಾರಿದ್ದು ದೋಣಿಯ ಮೋಟಾರು.
ದೋಣಿ ಇದೆ. ಹುಟ್ಟು ಹಾಕುತ್ತಾನೆ.

ಮೂವತ್ತು ಸೆಕೆಂಡಿಗೊಂದು ಚಿತ್ರ.
ಅಗ್ಗದ ಸ್ಟ್ಯಾಂಡು, ತಾನಾಗಿ ತಿರುಗದು;
ಎರಡು ನಿಮಿಷಕ್ಕೊಮ್ಮೆ ತಿರುಪು ಮುಟ್ಟದಿದ್ದರೆ
ಹೊತ್ತು ಜಾರಿಬಿಡುತ್ತದೆ
ಚೌಕಟ್ಟಿನಾಚೆ.

ಹಾಗೆ ನೋಡಿದರೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ.
ಅಂಚಿನಲ್ಲೊಂದು ಬೆಂಕಿಯ ಕಮಾನು, ಸೆಟೆದ ಬೆಕ್ಕಿನ ಬೆನ್ನು,
ಅದರಡಿ ನಮ್ಮಂಥ ಭೂಮಿ ಐದಾರು ನುಸುಳಬಹುದು.
ನಿಂತಿದೆ. ನಿಂತೇ ಇದೆ.
ಯೆರ್ಕೊ ಅಂಜೂರ ತಿನ್ನುತ್ತಾನೆ, ತಿರುಪು ಮುಟ್ಟುತ್ತಾನೆ,
ಬೆರಳಿನ ಅಂಟು ಅಂಗಿಗೆ ಒರೆಸುತ್ತಾನೆ.

ಹನ್ನೊಂದೂವರೆಗೆ ಕೂಗು. ಲಿಫ್ಟು
ಆರಕ್ಕೂ ಏಳಕ್ಕೂ ನಡುವೆ ಸಿಕ್ಕಿಕೊಂಡಿದೆ, ಮತ್ತೆ.
ಒಳಗೆ ನೆವೆಂಕಾ, ಅರ್ಧ ಕಿಲೋ ಬೂತಾಯಿ,
ಇಡೀ ಕಟ್ಟಡಕ್ಕೆ ಕೇಳುವ ಬೈಗುಳ.
ಹಾರೆ ಹಿಡಿದು ಇಳಿದ. ಬಾಗಿಲು ಮೀಟಿದ.
ಮೊದಲು ಮೀನು ಕೊಟ್ಟಳು, ಆಮೇಲೆ ಕೈ.

ಹನ್ನೆರಡು ನಿಮಿಷ.

ರಾತ್ರಿ ಚಿತ್ರಗಳನ್ನು ಪೋಣಿಸಿ ಓಡಿಸಿದರೆ
ಐದು ಗಂಟೆ ಇಪ್ಪತ್ತೈದು ಸೆಕೆಂಡಾಗಿ ಮೈಕೊಡವುತ್ತದೆ.
ಗಂಜಿಯಂತೆ ಕೊತಕೊತ ಮೈ,
ಕಲೆಯ ಸುತ್ತ ಸುಳಿಗೂದಲು,
ಒಂದೇ ಒಂದು ಚಿತ್ರದಲ್ಲಿ ಯಾವುದೋ ಹಕ್ಕಿಯ ಕಪ್ಪು ರೆಕ್ಕೆ.
ಕಮಾನು ನಡುಗುತ್ತದೆ, ಒಂದು ಕಾಲು ನೆಲಬಿಟ್ಟು ಎತ್ತುತ್ತದೆ
ಆಗ
ಕತ್ತಲು.
ಸರಿಯಾಗಿ ಒಂದು ಸೆಕೆಂಡು. ಇಪ್ಪತ್ನಾಲ್ಕು ಖಾಲಿ ಚಿತ್ರ.
ಮತ್ತೆ ಸೂರ್ಯ. ಅಂಚು ಬೋಳು,
ಅಲ್ಲಿ ಯಾರೂ ನಿಂತೇ ಇರಲಿಲ್ಲವೆಂಬಂತೆ.

ಮೊಮ್ಮಗಳು ಲೂತ್ಸೆ ಬಗ್ಗಿ ನೋಡಿದಳು:
ಇಷ್ಟನ್ನು ಕತ್ತರಿಸಿಬಿಡಜ್ಜ,
ಎರಡು ತುದಿ ಸೇರಿಸಿದರೆ ಯಾರಿಗೂ ಗೊತ್ತಾಗದು.

ಬೆಸುಗೆ ತಿಳಿಯದವನೇ ಅವನು?
ಬೇಡ, ಅಂದ.
ನೆವೆಂಕಾ ಕಳಿಸಿದ ಹುರಿದ ಬೂತಾಯಿಯ ಮುಳ್ಳು
ತಟ್ಟೆಯಂಚಿಗೆ ಸರಿಸಿ ಇನ್ನೊಮ್ಮೆ ಓಡಿಸಿದ.
ಕಮಾನು ಕಾಲೆತ್ತಿತು. ಪರದೆ ಕಪ್ಪಾಯಿತು.
ಎಣ್ಣೆಬೆರಳಿಂದ ಅದನ್ನೇ ತೋರಿಸಿ
"ಇದು ನೆವೆಂಕಾ," ಅಂದ.