ಗಾಳಿಗುಳ್ಳೆ

“ಮೊದಲು ಕಾರು ಬರಿದಾಗಲಿ,” ಅಂದ ಮ್ಯಾಕ್ಸೆನ್,
“ಸಡಿಲ ಉಳಿದದ್ದೆಲ್ಲ ತಿರುವಿನಲ್ಲಿ ಹಾರುತ್ತದೆ.”

ಸೀಟಿನಡಿ ಕೈಯಾಡಿಸಿದೆ:
ಒಂಟಿ ಕೈಗವಸು, ಅಂಟಿಕೊಂಡ ಪೆಪ್ಪರಮಿಂಟು,
ಆಸ್ಪತ್ರೆಯ ಪಾರ್ಕಿಂಗ್ ಚೀಟಿ ಒಂದು ಕಟ್ಟು,
ಯಾವುದೋ ಕೂಸಿನ ಹಳದಿ ಉಣ್ಣೆಯ ಕಾಲುಚೀಲ.
ಯಾರದ್ದೆಂದು ನೆನಪಾಗದೆ ಜೇಬಿಗಿಳಿಸಿದೆ.
ಡಿಕ್ಕಿಯಿಂದ ಕೂಸು ತೂಗುವ ತಕ್ಕಡಿ ಇಳಿಯಿತು,
ಕೊಟ್ಟಿಗೆಯ ಕೆಸರು ಹೊತ್ತ ಬೂಟು,
ಬಸಿರ ಮೇಲಿಟ್ಟು ಕಿವಿಗೊಡುವ ಮರದ ಕೊಳವೆ,
ಸ್ಟೆಪ್ನಿ, ಜಾಕು, ಒಂದು ಹಿಡಿ ಮರಳು.
ಭಾರ ಇಳಿದ ಕಾರು ಎರಡು ಬೆರಳು ಮೇಲೆದ್ದು
ಹೆತ್ತು ಎದ್ದವಳಂತೆ ನಿಂತಿತು.

ಬ್ಯಾಂಗೋರಿನಿಂದ ತಂಗಿಯ ಫೋನು:
“ಐವತ್ತೆಂಟಕ್ಕೆ ಇದೆಂಥ ಹುಚ್ಚು, ನೆಸ್ಟ್?
ಮೇಲಾಗಿ ಇನ್ಶೂರೆನ್ಸೂ ಇಲ್ಲವಂತೆ.”
ಇಲ್ಲ. ಸಣ್ಣಕ್ಷರವನ್ನೂ ಓದಿದ್ದೇನೆ.
ಮುರಿದರೆ ಮುರಿದದ್ದು ನನ್ನದೇ.
ಸೋಮವಾರ ಎಂಟಕ್ಕೆ ಮೂವರು ಬಾಣಂತಿಯರು, ಇದೇ ಕಾರು.

ಅವಳಿಗೆ ಹೇಗೆ ಹೇಳಲಿ.
ಈ ಮೋನ್ ದ್ವೀಪದಲ್ಲಿ ಮೂವತ್ತೊಂದು ವರ್ಷ
ಅವಸರದಲ್ಲೇ ಹೊರಟವಳು ನಾನು.
ನೋವು ಐದು ನಿಮಿಷಕ್ಕೊಂದು ಎಂದು ಗಂಡಸಿನ ನಡುಗುದನಿ,
ನನ್ನ ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರು,
ಅದರ ಮುಂದೆ ಕುರಿ,
ಎರಡೂ ಬದಿ ಬೇಲಿ, ಒಂದೇ ಕಾರಿನ ಅಗಲದ ದಾರಿ.
ಎದುರು ಯಾರೂ ಬಾರದ ರಸ್ತೆ ಒಂದಿದೆಯಂತೆ, ಸಮುದ್ರದ ಪಕ್ಕ.
ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದಂತೆ.
ಅದರ ಕೊನೆಯಲ್ಲಿ ಯಾರೂ ನೋಯುತ್ತಿರುವುದಿಲ್ಲ.

ಬ್ರೇಕ್ ಎಣ್ಣೆ ಬದಲಿಸಲು ಇಬ್ಬರು ಬೇಕು.
ಒಬ್ಬರು ಒಳಗೆ, ಪೆಡಲಿನ ಮೇಲೆ ಕಾಲಿಟ್ಟು.
ಒಬ್ಬರು ನೆಲಕ್ಕೆ ಬೆನ್ನು ಕೊಟ್ಟು, ಚಕ್ರದ ಹಿಂದೆ,
ಸ್ಪ್ಯಾನರು, ತೆಳ್ಳನೆ ನಳಿಗೆ, ಜಾಮಿನ ಬಾಟಲಿ.
ದೂರದ ಚಕ್ರ ಮೊದಲು.
“ಒತ್ತಿ.”
ಒತ್ತಿದೆ.
“ಹಾಗೇ ಹಿಡಿದಿರಿ... ಹಿಡಿದಿರಿ... ಈಗ ಬಿಡಿ.”
ಬಿಟ್ಟೆ.
“ಚೆನ್ನಾಗಿ ಬರುತ್ತಿದೆ. ಇನ್ನೊಂದೇ ಸಲ.”

ಇನ್ನೊಂದೇ ಸಲ!
ಎಷ್ಟು ಮನೆಗಳಲ್ಲಿ ಹೇಳಿದ್ದೇನೆ ಆ ಸುಳ್ಳು.
ಇವನಮ್ಮ ಲೊವ್ರಿಗೂ ಹೇಳಿದ್ದೆ, ಹಿಮ ಬಿದ್ದ ರಾತ್ರಿ.
ಅವಳು ನನ್ನ ಏಳು ತಲೆಮಾರನ್ನು ಹೆಸರು ಹಿಡಿದು ಬೈದಳು.

ನಳಿಗೆಯಲ್ಲಿ, ಕೆಟಲಿನಲ್ಲಿ ಮರೆತ ಚಹಾದ ಬಣ್ಣ,
ನಡುನಡುವೆ ಒಂದೊಂದೇ ಗುಳ್ಳೆ, ಸಾಸಿವೆಯಷ್ಟು.
“ಇಷ್ಟು ಗಾಳಿ ಉಳಿದರೂ ಸಾಕು,” ಕೆಳಗಿನಿಂದ ದನಿ,
“ಬೇಕಾದ ಹೊತ್ತಿಗೆ ಕಾಲಡಿ ಬೆಣ್ಣೆ.”
ಗಾಳಿಯ ವಿಷಯ ನನಗೂ ಗೊತ್ತು.
ಇವನು ನೀಲಿಗಟ್ಟಿ ಬಂದಿದ್ದ. ನಲವತ್ತರವರೆಗೆ ಎಣಿಸಿದ್ದೆ,
ಆಮೇಲೆ ಇವನೊಳಗೆ ಗಾಳಿ ಹೊಕ್ಕಿತು,
ಒಲೆಯ ಮೇಲೆ ಯಾರೋ ಮರೆತ ಹಾಲು ಉಕ್ಕಿತು.
ಲೊವ್ರಿ ಇವನಿಗೆ ಹೇಳಿಲ್ಲ. ನಾನೂ ಹೇಳಲಿಲ್ಲ.
ಒತ್ತಿದೆ. ಹಿಡಿದೆ.

ಸಂಜೆ ತನ್ನದೇ ಹೆಲ್ಮೆಟ್ ತಂದುಕೊಟ್ಟ. ನನಗೆ ಸಡಿಲ.
ಆಗಲೇಬೇಕು. ತಲೆಯ ಸುತ್ತಳತೆ ಮೂವತ್ತೇಳು ಸೆಂಟಿಮೀಟರ್
ಎಂದು ಕಾರ್ಡಿನಲ್ಲಿ ಬರೆದ ಕೈ ಇದು.
“ಅಲ್ಲೇ ಬಾಡಿಗೆಗೆ ಸಿಗುತ್ತದೆ ಬಿಡಿ,” ಅಂದ.
ಚಕ್ರದ ನಟ್ಟುಗಳನ್ನು ಅಡ್ಡಡ್ಡ ಬಿಗಿದ, ಕಟಕ್, ಕಟಕ್.
ಎಳೆಯುವ ಕೊಂಡಿಯನ್ನು ಮೂತಿಗೆ ತಿರುಪಿ
“ಎಳೆಸಿಕೊಂಡು ಬಂದರೂ ನಾಚಿಕೆಯೇನಿಲ್ಲ,” ಅಂದ.

ಬೆಳಗಿನ ಆರೂಮುಕ್ಕಾಲು. ಸಮುದ್ರದತ್ತ ತಿರುಗುವ ಕಿರುದಾರಿ.
ಮುಂದೆ ಟ್ರ್ಯಾಕ್ಟರು, ಸೆಗಣಿ ಹೇರಿಕೊಂಡು.
ಬ್ರೇಕ್ ತುಳಿದೆ. ಕಾಲಡಿ ಬಂಡೆ.
ಹಾರ್ನ್ ಮಾಡಲಿಲ್ಲ.
ನಾಲ್ಕು ಮೈಲಿ ಅದರ ಹಿಂದೆಯೇ ಹೋದೆ, ಕಿಟಕಿ ಇಳಿಸಿಕೊಂಡು.