ಸಾಕು

ಸುಂಟಿಕೊಪ್ಪದ ದನದಾಸ್ಪತ್ರೆಯ ಹಿಂದೆ
ಗ್ಲೂಕೋಸ್ ಬಾಟಲಿ ಬಂದಿದ್ದ ರಟ್ಟಿನ ಪೆಟ್ಟಿಗೆ.
ಕಾಫಿ ಮೂಟೆಯ ಜೀಪಿನ ಬಾನೆಟ್ಟಿನೊಳಗೆ
ಮಡಿಕೇರಿಯಿಂದ ಇಲ್ಲಿವರೆಗೂ
ಕೂತೇ ಬಂದವಂತೆ ಇವು.
ಒಂದರ ಕಿವಿ ಅರ್ಧ ಸುಟ್ಟಿದೆ.
ಇನ್ನೊಂದು ಅದನ್ನೇ ನೆಕ್ಕುತ್ತದೆ,
ತಾನೇ ಸುಟ್ಟೆನೇನೋ ಎಂಬ ಹಾಗೆ.

"ಒಂದು ಸಾಕು" ಅಂದೆ.
ಬಾಡಿಗೆ ಕೋಣೆ, ಹೊಲಿಗೆ ಮಿಷನ್ನು,
ನೂಲುಂಡೆಗಳು ಬೇರೆ.
ಕಂಪೌಂಡರ್ ಮೊಣ್ಣಪ್ಪ ತಲೆಯೆತ್ತಲಿಲ್ಲ:
"ಮೊನ್ನೆ ಜುಬೇದಮ್ಮ ಒಂದನ್ನೊಯ್ದರು.
ಅದು ಅಲ್ಲಿ ಹಾಲು ಮುಟ್ಟಲಿಲ್ಲ, ಇದು ಇಲ್ಲಿ.
ಬೆಳಿಗ್ಗೆ ವಾಪಸು ತಂದಿಟ್ಟು
ಮೂಗೊರೆಸಿಕೊಂಡು ಹೋದರು.
ಸಾಕುವುದಾದರೆ ಎರಡನ್ನೂ ಸಾಕು, ಸೆಲಿನ್.
ಇಲ್ಲಾ, ಸಾಕು, ಮನೆಗೆ ಹೋಗು."

ಬಸ್ಸಿನಲ್ಲಿ ಕಂಡಕ್ಟರ್: "ಎಷ್ಟು ಟಿಕೆಟ್ಟು?"
ಒಂದೇ, ಅಂದೆ.
ಬುಟ್ಟಿಯೊಳಗಿಂದ ಒಂದು ಮಿಯಾಂವ್.
ಕೆದಕಲ್ ತಿರುವಿನಲ್ಲಿ ಇನ್ನೊಂದು.
ಅವನು ಮಂಜು ಹಿಡಿದ ಕಿಟಕಿಯನ್ನು ನೋಡಿ
ಚಿಲ್ಲರೆ ಕೊಟ್ಟ.

ಈಗ ಮಿಷನ್ನಿನ ಪೆಡಲಿನ ಮೇಲೆ
ಯಾವ ಬಾಲ ಯಾರದೆಂದು ತಿಳಿಯದ ಹಾಗೆ
ಮಲಗಿವೆ. ಕಾಲಿಡಲು ಜಾಗವಿಲ್ಲ.
ನಾಳೆ ಹತ್ತಕ್ಕೆ ಕೊಡಬೇಕು
ದೇಚಕ್ಕನ ಮಗಳ ಮದುವೆಯ ಕೆಂಪು ರವಿಕೆ.
ಒಂದು ತೋಳು ಕೂಡಿಸಿಯಾಗಿದೆ.
ಇನ್ನೊಂದು,
ಇವು ಎದ್ದ ಮೇಲೆ.